ರೈಲು ಬರೋಗಂಟ ಹೆಂಗ್ ತಡ್ಕಂಡ್ಲು?

‘ಟಾಯ್ಲೆಟ್: ಏಕ್ ಪ್ರೇಮ್ ಕಥಾ’ ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲನೆಯದು 2017ರಲ್ಲಿ, ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ, ಆಫೀಸಿನ ಗೆಳತಿಯರ ಜೊತೆ. ಎರಡನೆಯದು ಹೋದ ವರ್ಷ ಅವರೆಕಾಯಿ ಕಾಲದಲ್ಲಿ, ಊರಲ್ಲಿ, ಅವ್ವನ ಜೊತೆ ಟಿವಿಯಲ್ಲಿ. ಅವ್ವನ ಎಡಗೈಗೆ ಪ್ಲಾಸ್ಟರ್ ಹಾಕಿದ್ರು, ಹಾಗಾಗಿ ಅವರೆಕಾಯಿ ಸುಲಿಯೋ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವ್ವನಿಗೆ ಹಿಂದಿ ಬರಲ್ಲ. ನಾನು ಕಾಳು ಸುಲೀತಾ ಸುಲೀತಾ ಕಥೆ ಹೇಳ್ತಾ ಹೋದೆ, ಅವಳು ಕೇಳ್ತಾ ಹೋದಳು.

ನಾಯಕಿ ಜಯಾ ಮದುವೆಯಾಗಿ ಬಂದ ಮನೇಲಿ ಶೌಚಾಲಯ ಇಲ್ಲ. ಬೆಳಗಿನ ಜಾವ ಊರ ಹೆಂಗಸರ ಜೊತೆ ಚೊಂಬು ಹಿಡಿದು ಹೊಲದ ಕಡೆ ಹೋಗೋಕೆ ಅವಳು ಒಪ್ಪಲ್ಲ. ಆಗ ಗಂಡ ಕೇಶವ ಒಂದು ಉಪಾಯ ಮಾಡ್ತಾನೆ. ಊರ ಸ್ಟೇಷನ್ನಿನಲ್ಲಿ ಕೆಲವು ನಿಮಿಷ ನಿಲ್ಲುವ ರೈಲಿಗೆ ಅವಳನ್ನು ಕರೆದುಕೊಂಡು ಹೋಗೋದು, ಅದರ ಟಾಯ್ಲೆಟ್ಟಿನಲ್ಲಿ ಕೆಲಸ ಮುಗಿಸಿಕೊಂಡು ವಾಪಸ್ ಕರೆತರೋದು. ಮಲ್ಟಿಪ್ಲೆಕ್ಸಿನಲ್ಲಿ ಈ ಸೀನಿಗೆ ನಾವೆಲ್ಲ ನಕ್ಕಿದ್ವಿ. ಎಂಥ ಮುದ್ದಾದ ಗಂಡ ಅಂತ ಪಕ್ಕದಲ್ಲಿದ್ದವಳು ಅಂದದ್ದೂ ನೆನಪಿದೆ. ಅವ್ವ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಅಲ್ಲ ಕಣೆ, ರೈಲು ಬರೋಗಂಟ ಹೆಂಗ್ ತಡ್ಕಂಡ್ಲು ಆ ಹುಡ್ಗಿ?”

ಈ ಸಿನಿಮಾ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆ ಇರಲಿಲ್ಲ. ನನ್ನ ಹತ್ರ ಉತ್ತರ ಇತ್ತು, ಹೇಳೋ ಧೈರ್ಯ ಇರಲಿಲ್ಲ. ಯಾಕಂದ್ರೆ ಆ ಹೊತ್ತಿಗಾಗಲೇ ಎರಡು ವರ್ಷದಿಂದ ನನಗೇ ತಡ್ಕೊಳ್ಳೋಕಾಗ್ತಿರಲಿಲ್ಲ. ಅದು ಅವ್ವನಿಗೆ ಗೊತ್ತಿರಲಿಲ್ಲ. ಅವ್ವನ ವಿಷಯ ನನಗೆ ಗೊತ್ತಿರಲಿಲ್ಲ.

ಮೊದಲು ಸಿನಿಮಾಕ್ಕೆ ಸಲ್ಲಬೇಕಾದ್ದನ್ನ ಸಲ್ಲಿಸಿಬಿಡ್ತೀನಿ. ಮಧ್ಯಪ್ರದೇಶದ ಬೇತುಲ್ ಜಿಲ್ಲೆಯ ಅನಿತಾ ನರ್ರೆ ಅನ್ನೋ ಹೆಣ್ಣುಮಗಳು ಶೌಚಾಲಯ ಕಟ್ಟಿಸೋವರೆಗೂ ಗಂಡನ ಮನೆಗೆ ಬರಲ್ಲ ಅಂತ ತವರಿಗೆ ಹೋದದ್ದು ನಿಜವಾಗಿ ನಡೆದದ್ದು. ಅಂಥ ಕಥೆಯನ್ನ ಅಕ್ಷಯ್ ಕುಮಾರ್, ಭೂಮಿ ಪೆಡ್ನೇಕರ್ ಥರದ ನಟರನ್ನಿಟ್ಟುಕೊಂಡು, ಹಾಡು ಕುಣಿತದ ಜೊತೆ ಹೇಳೋದು ಸಣ್ಣ ವಿಷಯ ಅಲ್ಲ. ಬೆಳಗಿನ ಜಾವದ ಕತ್ತಲಲ್ಲಿ ಹೆಂಗಸರು ಸಾಲಾಗಿ ನಡೆಯೋದು, ಗಾಡಿಯ ಬೆಳಕು ಬಿದ್ದಾಗ ದಡಬಡಿಸಿ ಎದ್ದು ನಿಲ್ಲೋ ಅವಮಾನ ನನಗೆ ಹೊಸದಲ್ಲ. ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ನಾನೂ ಹೈಸ್ಕೂಲು ಮುಗಿಸೋವರೆಗೆ ಕೆರೆ ಏರಿ ಹಿಂದೆ ಹೋದವಳೇ. ಸೂರ್ಯ ಹುಟ್ಟೋಕೆ ಮುಂಚೆ ಒಂದು ಸಲ, ಮುಳುಗಿದ ಮೇಲೆ ಒಂದು ಸಲ. ಮಧ್ಯದ ಹನ್ನೆರಡು ಗಂಟೆ ‘ತಡ್ಕೊ’. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಅ ಆ ಇ ಈಗಿಂತ ಮುಂಚೆ ಕಲಿಸೋ ಪಾಠ ಅದು.

ನನ್ನ ತಕರಾರು ಇರೋದು ಸಿನಿಮಾ ಮುಗಿಯೋ ಜಾಗದಲ್ಲಿ. ಗೋಡೆ ಎದ್ದಿತು, ಬಾಗಿಲು ಕೂತಿತು, ಜಯಾ ವಾಪಸ್ ಬಂದಳು, ಶುಭಂ. ಅಂದ್ರೆ ಹೆಂಗಸಿನ ಮೂತ್ರದ ಸಮಸ್ಯೆ ಅನ್ನೋದು ಸಿವಿಲ್ ಎಂಜಿನಿಯರಿಂಗ್ ಸಮಸ್ಯೆ. ಇಟ್ಟಿಗೆ, ಸಿಮೆಂಟು ಮತ್ತು ಒಳ್ಳೆ ಗಂಡ ಸಿಕ್ಕರೆ ಬಗೆಹರೀತು. ಅಲ್ಲಿವರೆಗೂ ಜಯಾಳ ಮೂತ್ರಕೋಶ ಸ್ಕ್ರಿಪ್ಟ್ ಹೇಳಿದ ಹಾಗೆ ಕೇಳುತ್ತೆ. ರೈಲಿನ ಟೈಮಿಗೆ ಸರಿಯಾಗಿ ತುಂಬುತ್ತೆ, ರೈಲು ಬರೋವರೆಗೂ ಕಾಯುತ್ತೆ.

ಈ ಲೆಕ್ಕ ಸರಿ ಇದ್ದಿದ್ದರೆ ನನ್ನ ಕಥೆ ಯಾವತ್ತೋ ಶುಭಂ ಆಗಬೇಕಿತ್ತು. ಬಿಇ ಮುಗಿಸಿ ಬೆಂಗಳೂರಿಗೆ ಬಂದೆ. ನನ್ನ ಆಫೀಸಿನಲ್ಲಿ ಪ್ರತಿ ಮಹಡಿಗೂ ಹೊಳೆಯೋ ಟಾಯ್ಲೆಟ್ಟುಗಳಿವೆ, ಕೈ ಒಡ್ಡಿದರೆ ತಾನೇ ನೀರು ಬಿಡೋ ನಲ್ಲಿಗಳಿವೆ. ಮೂವತ್ತೆರಡನೇ ವಯಸ್ಸಿನಲ್ಲಿ, ಇಷ್ಟೆಲ್ಲ ಇರೋ ಕಟ್ಟಡದಲ್ಲಿ, ಮೀಟಿಂಗ್ ರೂಮಿನಿಂದ ಟಾಯ್ಲೆಟ್ಟಿಗೆ ಇರೋ ನಲವತ್ತು ಹೆಜ್ಜೆ ನನಗೆ ದೂರ ಆಗೋಕೆ ಶುರುವಾಯ್ತು.

ಇದು ಹೇಗಿರುತ್ತೆ ಅಂತ ಆನ್‌ಕಾಲ್ ಡ್ಯೂಟಿ ಮಾಡಿದವರಿಗೆ ಬೇಗ ಅರ್ಥ ಆಗುತ್ತೆ. ಸರ್ವರಿನ ಡಿಸ್ಕು 90 ಪರ್ಸೆಂಟ್ ತುಂಬಿದಾಗ ಅಲರ್ಟ್ ಬರಬೇಕು. ಯಾರೋ ತಪ್ಪು ಸೆಟ್ಟಿಂಗ್ ಮಾಡಿ, 20 ಪರ್ಸೆಂಟಿಗೇ ಅಲರ್ಟ್ ಹೊಡ್ಕೊಳ್ತಿದೆ ಅಂದ್ಕೊಳ್ಳಿ. ಹಗಲು, ರಾತ್ರಿ, ಎರಡು ಗಂಟೆಗೆ, ನಾಲ್ಕು ಗಂಟೆಗೆ. ಹೋಗಿ ನೋಡಿದರೆ ಡಿಸ್ಕಿನಲ್ಲಿ ಏನೂ ಇಲ್ಲ. ಆದರೆ ಆ ಅಲರ್ಟನ್ನು ಮ್ಯೂಟ್ ಮಾಡೋ ಹಾಗಿಲ್ಲ. ಮಾಡಿದರೆ ಬಟ್ಟೆ ಒದ್ದೆ. ಇದಕ್ಕೆ ವೈದ್ಯರು ಓವರ್ ಆಕ್ಟಿವ್ ಬ್ಲ್ಯಾಡರ್ ಅಂತಾರೆ, ಅಂದ್ರೆ ಅತಿ ಚುರುಕಿನ ಮೂತ್ರಕೋಶ. ಸೋಂಕಿಲ್ಲ, ಕಲ್ಲಿಲ್ಲ, ಬೇರೆ ಕಾರಣವೂ ಕಾಣಲ್ಲ. ಆದರೂ ಮುಂದೂಡೋಕಾಗದ ಅವಸರ ದಿಢೀರಂತ ಬರುತ್ತೆ. ಜೊತೆಗೆ ಹಗಲಲ್ಲಿ ಮತ್ತೆ ಮತ್ತೆ ಹೋಗೋದು, ರಾತ್ರಿ ನಿದ್ದೆಯಿಂದ ಏಳೋದು. ಕೆಲವರಿಗೆ ಬಾಗಿಲು ತಲುಪೋ ಮುಂಚೆಯೇ ಸೋರುತ್ತೆ. ಮೂತ್ರಕೋಶದ ಸ್ನಾಯು ಇನ್ನೂ ತುಂಬಿಕೊಳ್ಳಬೇಕಾದ ಹೊತ್ತಿನಲ್ಲೇ ತಾನಾಗಿ ಹಿಂಡಿಕೊಳ್ಳೋದು ಇದಕ್ಕೆ ಮುಖ್ಯ ಕಾರಣ. ನಲ್ಲಿ ನೀರಿನ ಸದ್ದು ಕೇಳಿದರೆ ಸಾಕು, ಮನೆ ಬೀಗಕ್ಕೆ ಕೀಲಿ ಹಾಕಿದರೆ ಸಾಕು, ಶುರು.

ನಾವು ಕನ್ನಡದಲ್ಲಿ ‘ಅರ್ಜೆಂಟಾಗಿದೆ’ ಅಂತೀವಲ್ಲ, ಅದಕ್ಕೆ ವೈದ್ಯಕೀಯದಲ್ಲೂ ಹೆಚ್ಚೂಕಮ್ಮಿ ಅದೇ ಪದ. ಆದರೆ ನಮ್ಮ ‘ಅರ್ಜೆಂಟು’ ಯಾವಾಗಲೂ ಜೋಕಿನ ಜೊತೆಗೇ ಬರೋದು. ಕಾಮಿಡಿ ಸೀನಿನಲ್ಲಿ ಕಿರುಬೆರಳೆತ್ತಿ ಓಡೋ ಗಂಡಸಿಗೆ ಅದು ಮೀಸಲು. ಹೆಂಗಸು ಕಿರುಬೆರಳೆತ್ತಿದ್ದನ್ನ ನೀವು ಯಾವ ಸಿನಿಮಾದಲ್ಲಿ ನೋಡಿದ್ದೀರಿ?

ಅಪರೂಪದ ಕಾಯಿಲೆ ಅಂದ್ಕೋಬೇಡಿ. ಕೆನಡಾ, ಜರ್ಮನಿ, ಇಟಲಿ, ಸ್ವೀಡನ್, ಬ್ರಿಟನ್‌ಗಳಲ್ಲಿ 19 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 2006ರಲ್ಲಿ ಪ್ರಕಟವಾಯ್ತು. ಅದರಲ್ಲಿ ಹೆಂಗಸರಲ್ಲಿ ನೂರಕ್ಕೆ 12.8, ಗಂಡಸರಲ್ಲಿ 10.8 ಮಂದಿಗೆ ಈ ಲಕ್ಷಣಗಳಿದ್ದವು. ಅಂದ್ರೆ ಎಂಟು ಹೆಂಗಸರಿಗೆ ಒಬ್ಬಳು. ಅದೇ ಲೆಕ್ಕ ಇಲ್ಲಿಗೂ ಹಾಕಿದರೆ, ನಿಮ್ಮ ಫ್ಲೋರಿನಲ್ಲಿ ಇಪ್ಪತ್ನಾಲ್ಕು ಹೆಂಗಸರಿದ್ದರೆ ಮೂವರು. ಆ ಮೂವರು ಯಾರು ಅಂತ ನಿಮಗೆ ಗೊತ್ತಾಗಲ್ಲ. ಸ್ಟ್ಯಾಂಡಪ್‌ನಲ್ಲಿ ಬಾಗಿಲ ಹತ್ರಾನೇ ನಿಲ್ಲೋಳು, ಟೀಮ್ ಔಟಿಂಗಿಗೆ ‘ಮನೇಲಿ ಪೂಜೆ ಇದೆ’ ಅನ್ನೋಳು, ಯಾವಾಗಲೂ ಕಪ್ಪು ಪ್ಯಾಂಟೇ ಹಾಕೋಳು. ನಾನು ಮೂರನ್ನೂ ಮಾಡಿದ್ದೇನೆ. ರಿಂಗ್ ರೋಡಿನ ಟ್ರಾಫಿಕ್ಕಿಗೆ ಹೆದರಿ ಬೆಳಗಿನ ಕಾಫಿ ಬಿಟ್ಟೆ, ಆಮೇಲೆ ನೀರೂ ಬಿಟ್ಟೆ. ತುಮಕೂರು ರಸ್ತೆಯಲ್ಲಿ ಯಾವ ಪೆಟ್ರೋಲ್ ಬಂಕಿನ ಟಾಯ್ಲೆಟ್ಟಿಗೆ ಚಿಲಕ ಇದೆ, ಯಾವುದಕ್ಕಿಲ್ಲ ಅಂತ ನನಗೆ ಬಾಯಿಪಾಠ. ತಂಗಿಯ ನಿಶ್ಚಿತಾರ್ಥಕ್ಕೆ ಬಸ್ಸಲ್ಲಿ ಹೋಗೋಕೆ ಹೆದರಿ, ಆಫೀಸಲ್ಲಿ ರಿಲೀಸ್ ಇದೆ ಅಂತ ಸುಳ್ಳು ಹೇಳಿ ಮನೇಲಿ ಕೂತಿದ್ದೆ. ಅದನ್ನ ಈಗಲೂ ಅವಳಿಗೆ ಹೇಳೋಕಾಗಿಲ್ಲ.

ಕಾಯಿಲೆ ಬಂದ ಮೇಲೆ ಸಿನಿಮಾ ನೋಡೋ ಕಣ್ಣೂ ಬದಲಾಗುತ್ತೆ. ‘ಪೀಕು’ವನ್ನೇ ತಗೊಳ್ಳಿ. 2015ರಲ್ಲಿ ಬಂದ ಶೂಜಿತ್ ಸರ್ಕಾರ್ ಅವರ ಈ ಸಿನಿಮಾ ಈಗಲೂ ನನಗೆ ಇಷ್ಟ. ಭಾಸ್ಕೋರ್ ಬ್ಯಾನರ್ಜಿಯ ಮಲಬದ್ಧತೆಯೇ ಅದರ ಕೇಂದ್ರ. ಅಮಿತಾಭ್ ಬಚ್ಚನ್ ಊಟದ ಮೇಜಿನಲ್ಲೂ ಅದನ್ನೇ ಮಾತಾಡ್ತಾರೆ, ಕೆಲಸದಲ್ಲಿರೋ ಮಗಳಿಗೂ ವರದಿ ಒಪ್ಪಿಸ್ತಾರೆ. ಕಾರಿನ ತಲೆ ಮೇಲೆ ಕಮೋಡು ಕುರ್ಚಿ ಕಟ್ಟಿಕೊಂಡು ದೆಹಲಿಯಿಂದ ಕೋಲ್ಕತ್ತಕ್ಕೆ ಹೊರಡ್ತಾರೆ. ಒಬ್ಬ ಮನುಷ್ಯನ ಹೊಟ್ಟೆಗಾಗಿ ಇಡೀ ಮನೆ ತನ್ನ ಟೈಮ್‌ಟೇಬಲ್ ಬದಲಿಸಿಕೊಳ್ಳುತ್ತೆ. ಅದು ಚಂದವೇ. ಈಗ ಆ ಜಾಗದಲ್ಲಿ ಎಪ್ಪತ್ತು ವರ್ಷದ ಅಜ್ಜಿಯನ್ನು ಕೂರಿಸಿ. ಅಜ್ಜಿ ಊಟದ ಮೇಜಿನಲ್ಲಿ, ನೆಂಟರ ಮುಂದೆ, ‘ಇವತ್ತು ನಾಲ್ಕು ಸಲ ಸೋರಿತು’ ಅಂತ ಹೇಳ್ತಾಳೆ. ಹೇಳ್ತಾಳಾ? ಹೇಳಿದರೆ ನಾವು ನಗ್ತೀವಾ? ಭಾಸ್ಕೋರ್‌ಗೆ ಸಿಕ್ಕಿದ್ದು ಕಮೋಡು ಕುರ್ಚಿಗಿಂತ ದೊಡ್ಡದು, ತನ್ನ ದೇಹದ ಬಗ್ಗೆ ಜೋರಾಗಿ ಮಾತಾಡೋ ಹಕ್ಕು. ಅದು ನಮ್ಮಲ್ಲಿ ಗಂಡಸಿಗೆ ವಯಸ್ಸಾದ ಹಾಗೆ ಹೆಚ್ಚುತ್ತೆ, ಹೆಂಗಸಿಗೆ ಕಮ್ಮಿಯಾಗುತ್ತೆ.

ಮೂತ್ರಕ್ಕಾಗಿ ಓಡೋ ನಾಯಕಿಯನ್ನ ನಾನು ನೋಡಿದ್ದು ಇಂಗ್ಲಿಷಿನ ‘ಹಿಡನ್ ಫಿಗರ್ಸ್’ನಲ್ಲಿ. ನಾಸಾದಲ್ಲಿ ಲೆಕ್ಕ ಮಾಡ್ತಿದ್ದ ಕಪ್ಪು ಹೆಂಗಸರ ಕಥೆ. ಕ್ಯಾಥರಿನ್ ಜಾನ್ಸನ್ ಪಾತ್ರಧಾರಿ ಹೈ ಹೀಲ್ಸಿನಲ್ಲಿ, ಕೈಯಲ್ಲಿ ಕಡತ ಹಿಡಿದು, ಕಪ್ಪು ಹೆಂಗಸರಿಗೆ ಅಂತ ಬೋರ್ಡಿರೋ ದೂರದ ಟಾಯ್ಲೆಟ್ಟಿಗೆ ಮಳೆಯಲ್ಲೂ ಓಡ್ತಾಳೆ. ಕೊನೆಗೆ ಅವಳು ಸಿಡಿದೆದ್ದು ಮಾತಾಡಿದ ಮೇಲೆ ಬಿಳಿಯ ಬಾಸ್ ಬಂದು ಆ ಬೋರ್ಡನ್ನ ಬಡಿದು ಬೀಳಿಸ್ತಾನೆ. ನಾನು ಕಣ್ಣೀರು ಹಾಕಿದ್ದೆ. ಆಮೇಲೆ ಗೊತ್ತಾಯ್ತು, ಬೋರ್ಡು ಒಡೆಯೋ ಸೀನು ಕಟ್ಟುಕಥೆ. ಟಾಯ್ಲೆಟ್ಟಿಗಾಗಿ ಅವಮಾನ ಉಂಡದ್ದು ಅವಳ ಸಹೋದ್ಯೋಗಿ ಮೇರಿ ಜಾಕ್ಸನ್. ನಿಜವಾದ ಕ್ಯಾಥರಿನ್ ಬೋರ್ಡಿಲ್ಲದ ಹತ್ತಿರದ ಟಾಯ್ಲೆಟ್ಟನ್ನೇ ಬಳಸ್ತಾ ಹೋಗಿದ್ದಳು. ಅದು ಬಿಳಿಯರದು ಅಂತ ಗೊತ್ತಾದ ಮೇಲೂ ನಿಲ್ಲಿಸಲಿಲ್ಲ. ಅಂದ್ರೆ ಹೆಂಗಸು ತಾನೇ ಸದ್ದಿಲ್ಲದೆ ಬಗೆಹರಿಸಿಕೊಂಡದ್ದನ್ನ ಸಿನಿಮಾ ಕಿತ್ತುಕೊಂಡು ಗಂಡಸಿನ ಕೈಗೆ ಕೊಟ್ಟಿತು. ಕೇಶವ ಗೋಡೆ ಕಟ್ಟಿ ಹೀರೋ ಆದ, ಇವನು ಬೋರ್ಡು ಒಡೆದು ಹೀರೋ ಆದ. ಕಟ್ಟೋದು, ಒಡೆಯೋದು ಎರಡೂ ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತೆ. ರಾತ್ರಿ ನಾಲ್ಕು ಸಲ ಎದ್ದು ಬಾಗಿಲವರೆಗೂ ನಡೆಯೋದು ಕಾಣಲ್ಲ.

ಮತ್ತೆ ನಮ್ಮ ಟಿವಿ ಮುಂದಕ್ಕೆ ಬರ್ತೀನಿ. ‘ಟಾಯ್ಲೆಟ್’ ಸಿನಿಮಾದ ಕೊನೆಯಲ್ಲಿ ಒಂದು ಸಣ್ಣ ಪ್ರಸಂಗ ಇದೆ. ಮನೆಯೊಳಗೆ ಶೌಚಾಲಯ ಕೂಡದು ಅಂತ ಹಟ ಹಿಡಿದ ಮಾವನ ತಾಯಿ, ಅಂದ್ರೆ ಕೇಶವನ ಅಜ್ಜಿ, ಬಿದ್ದು ಪೆಟ್ಟು ಮಾಡಿಕೊಳ್ತಾಳೆ. ಹೊಲಕ್ಕೆ ಹೋಗೋಕಾಗದೆ ಮನೆಯ ಶೌಚಾಲಯವನ್ನೇ ಬಳಸ್ತಾಳೆ. ಮಾವ ಬದಲಾಗೋದು ಅಲ್ಲಿ. ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ತಡ್ಕೊಳ್ಳೋಕಾಗದ ದೇಹ ಕಾಣಿಸಿಕೊಳ್ಳೋದು ಅದೊಂದೇ ಕಡೆ. ಆದರೆ ಅಜ್ಜಿ ಅಲ್ಲಿ ಮಗನ ಮನಸ್ಸು ಬದಲಿಸೋ ಸಾಧನ ಅಷ್ಟೇ. ಅವಳು ಅಲ್ಲಿವರೆಗೂ ಎಷ್ಟು ವರ್ಷ, ಎಷ್ಟು ರಾತ್ರಿ ಹೇಗೆ ಕಳೆದಳು ಅಂತ ಸಿನಿಮಾ ತಿರುಗಿ ನೋಡಲ್ಲ.

ಅವ್ವ ಆ ಸೀನು ನೋಡಿ, ಪ್ಲಾಸ್ಟರ್ ಕೈಯನ್ನ ಸೆರಗೊಳಗೆ ಎಳ್ಕೊಂಡು ಅಂದಳು: “ನಂದೂ ಹಂಗೇ ಆಗಿದ್ದು ಕಣವ್ವ.”

ಕೊಟ್ಟಿಗೆ ಹತ್ರ ಕಾಲು ಜಾರಿತು ಅಂತಷ್ಟೇ ನಮಗೆಲ್ಲ ಹೇಳಿದ್ದಳು. ಯಾವ ಹೊತ್ತಲ್ಲಿ, ಯಾಕೆ ಅಂತ ನಾವ್ಯಾರೂ ಕೇಳಿರಲಿಲ್ಲ. ನಮ್ಮ ಮನೇಲೂ ಸ್ವಚ್ಛ ಭಾರತ್‌ನ 12,000 ರೂಪಾಯಿಗೆ ಕೈಯಿಂದ ಒಂದಿಷ್ಟು ಸೇರಿಸಿ ಕಟ್ಟಿಸಿದ ಶೌಚಾಲಯ ಇದೆ, ಕೊಟ್ಟಿಗೆ ದಾಟಿ ಹಿತ್ತಲ ಮೂಲೆಯಲ್ಲಿ. ಅವ್ವ ರಾತ್ರಿ ಮೂರು ನಾಲ್ಕು ಸಲ ಅಲ್ಲಿಗೆ ಹೋಗ್ತಾಳೆ. ಒಳಗಿನ ಬಚ್ಚಲಿಗೆ ಹೋಗಬಾರದಾ ಅಂದ್ರೆ, ಅದು ಅಣ್ಣ ಅತ್ತಿಗೆ ಮಲಗೋ ಕೋಣೆಗೆ ಅಂಟಿಕೊಂಡಿದೆ. “ನೀರು ಹುಯ್ಯೋ ಸದ್ದಿಗೆ ಅವ್ರು ಎದ್ಬಿಡ್ತಾರೆ. ನಾಕ್ ನಾಕ್ ಸಲ ಅಂದ್ರೆ ಏನಂದ್ಕಂಡಾರು?” ಆವತ್ತು ಟಾರ್ಚಿನ ಶೆಲ್ಲು ಮುಗಿದಿತ್ತು. ಅರ್ಜೆಂಟು ಶೆಲ್ಲು ಹುಡುಕೋವರೆಗೂ ಕಾಯಲಿಲ್ಲ.

ಇದು ಅವ್ವ ಒಬ್ಬಳ ದುರದೃಷ್ಟ ಅಲ್ಲ. ಅಮೆರಿಕದಲ್ಲಿ ವಯಸ್ಸಾದ ಹೆಂಗಸರ ಮೇಲೆ ನಡೆದ, 2000ದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ. ವಾರಕ್ಕೆ ಒಂದು ಸಲವಾದರೂ ಅವಸರದಲ್ಲಿ ಸೋರುವವರು ಬೀಳುವ ಅಪಾಯ ನೂರಕ್ಕೆ 26ರಷ್ಟು, ಮೂಳೆ ಮುರಿಯುವ ಅಪಾಯ 34ರಷ್ಟು ಹೆಚ್ಚು ಅಂತ ಅದು ಕಂಡುಕೊಂಡಿತು. ‘ವಯಸ್ಸಾಯ್ತಲ್ಲ’ ಅಂತ ತಳ್ಳಿಹಾಕೋ ವಿಷಯ ಕೈಯನ್ನೂ ಮುರಿಯುತ್ತೆ, ಸೊಂಟವನ್ನೂ ಮುರಿಯುತ್ತೆ.

ಅವತ್ತು ರಾತ್ರಿ ನಾನೂ ಅವ್ವನಿಗೆ ನನ್ನದನ್ನ ಹೇಳಿದೆ. ಅವಳು ಮೊದಲು ನಂಬಲಿಲ್ಲ. “ನಿಂಗ್ಯಾಕೆ ಬರ್ಬೇಕು? ನಿಮ್ ಆಫೀಸಲ್ಲಿ ಎಲ್ಲ ಅನ್ಕೂಲ ಐತಲ್ಲ” ಅಂದಳು. ಸಿನಿಮಾ ನಂಬಿದ್ದನ್ನೇ ಅವ್ವನೂ ನಂಬಿದ್ದಳು.

ಬೆಂಗಳೂರಿಗೆ ವಾಪಸ್ ಬಂದು ಡಾಕ್ಟರ್ ಹತ್ರ ಹೋದೆ. ಅವರು ಮೊದಲು ಮೂತ್ರ ಪರೀಕ್ಷೆ ಮಾಡಿಸಿದರು, ಶುಗರ್ ನೋಡಿದರು. ಆಮೇಲೆ ಎರಡು ಮೂರು ಪುಟದ ಒಂದು ಪ್ರಶ್ನಾವಳಿ ಕೊಟ್ಟರು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ರೂಪಿಸಿ 1997ರಲ್ಲಿ ಪ್ರಕಟಿಸಿದ ‘ಕಿಂಗ್ಸ್ ಹೆಲ್ತ್ ಕ್ವೆಶ್ಚನೇರ್’. ಮೂತ್ರಕೋಶದ ತೊಂದರೆ ನಿಮ್ಮ ಬದುಕಿನ ಎಲ್ಲೆಲ್ಲಿಗೆ ಕೈ ಹಾಕಿದೆ ಅಂತ ಅದು ಕೇಳುತ್ತೆ. ಮನೆಗೆಲಸಕ್ಕೆ ಅಡ್ಡಿಯಾಗುತ್ತಾ? ಪ್ರಯಾಣಕ್ಕೆ? ಗೆಳೆಯರನ್ನ ನೋಡೋಕೆ? ಗಂಡನ ಜೊತೆಗಿನ ಸಂಬಂಧಕ್ಕೆ? ನಿದ್ದೆ ಹೇಗಿದೆ? ಮನಸ್ಸು ಕುಗ್ಗುತ್ತಾ? ನೀರು ಅಳೆದು ಕುಡೀತೀರಾ? ವಾಸನೆ ಬರಬಹುದು ಅಂತ ಹೆದರ್ತೀರಾ? ಪ್ರತಿ ಪ್ರಶ್ನೆಗೂ ‘ಇಲ್ಲವೇ ಇಲ್ಲ’ದಿಂದ ‘ತುಂಬಾ’ವರೆಗೆ ಟಿಕ್ ಹಾಕಬೇಕು. ಕೊನೆಗೆ 0ಯಿಂದ 100ರವರೆಗೆ ಅಂಕ. ಹೆಚ್ಚು ಬಂದಷ್ಟೂ ಬದುಕು ಕಷ್ಟ.

ನಿಜ ಹೇಳ್ತೀನಿ, ಹೆಂಗಸಿನ ದೇಹದ ಬಗ್ಗೆ ನಾನು ನೋಡಿದ ಆ ಮೂರು ಸಿನಿಮಾಗಳಿಗಿಂತ ಈ ಎರಡು ಮೂರು ಪುಟ ಹೆಚ್ಚು ಪ್ರಾಮಾಣಿಕವಾಗಿದೆ. ಇಲ್ಲಿ ಹೀರೋ ಇಲ್ಲ, ಸಂಗೀತ ಇಲ್ಲ. ಒಬ್ಬ ಹೆಂಗಸಿನ ದಿನ ಎಲ್ಲೆಲ್ಲಿ ಚಿಕ್ಕದಾಗಿದೆ ಅಂತ ಒಂದೊಂದೇ ಕೋಣೆಯ ಬಾಗಿಲು ತೆರೆದು ನೋಡುತ್ತೆ. ತಪ್ಪಿಲ್ಲ ಅಂತಲ್ಲ. ಇದನ್ನ ಬರೆದವರ ಕಣ್ಣ ಮುಂದೆ ಇದ್ದದ್ದು ಲಂಡನ್ನಿನ ಹೆಂಗಸು. ಅವ್ವನಿಗೆ ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ರಾತ್ರಿ ಟಾರ್ಚು ಬೇಕಾ? ನೀವು ಏಳೋ ಸದ್ದು ಯಾರಿಗೆ ಕೇಳಬಾರದು? ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಕೊಡೋಕೆ ಚಿಲ್ಲರೆ ಯಾರನ್ನ ಕೇಳಿ ಪಡೀಬೇಕು? ಕೊನೇ ಸಲ ನೆಂಟರ ಮನೆಗೆ ಹೋಗಿದ್ದು ಯಾವಾಗ?

ಚಿಕಿತ್ಸೆ ಏನೋ ದೊಡ್ಡ ಮಾಯೆ ಅಲ್ಲ. ಕಾಫಿ, ಟೀ ಕಮ್ಮಿ ಮಾಡಬೇಕು. ನೀರು ಪೂರ್ತಿ ಬಿಡಬಾರದು, ಬಿಟ್ಟರೆ ಮೂತ್ರ ಗಟ್ಟಿಯಾಗಿ ಇನ್ನೂ ಕೆಣಕುತ್ತೆ. ಎರಡು ಸಲದ ನಡುವಿನ ಅಂತರವನ್ನ ಸ್ವಲ್ಪ ಸ್ವಲ್ಪವೇ ಹಿಗ್ಗಿಸ್ತಾ ಮೂತ್ರಕೋಶಕ್ಕೆ ಮತ್ತೆ ಪಾಠ ಹೇಳಬೇಕು. ಕೆಳಹೊಟ್ಟೆಯ ತಳದ ಸ್ನಾಯುಗಳನ್ನ ಬಿಗಿಹಿಡಿದು ಬಿಡೋ ಕೀಗಲ್ ವ್ಯಾಯಾಮ ಮಾಡಬೇಕು. ಇಷ್ಟಕ್ಕೆ ಬಗ್ಗದಿದ್ದರೆ ಮಾತ್ರೆಗಳಿವೆ, ಅದಕ್ಕೂ ಮೀರಿದ್ದಕ್ಕೆ ಮೂತ್ರಕೋಶಕ್ಕೇ ಕೊಡೋ ಬೊಟಾಕ್ಸ್ ಇಂಜೆಕ್ಷನ್ ಇದೆ. ಮಾತ್ರೆಗಳಲ್ಲಿ ಕೆಲವು ಬಾಯಿ ಒಣಗಿಸ್ತವೆ, ಮಲಬದ್ಧತೆ ತರ್ತವೆ, ವಯಸ್ಸಾದವರಿಗೆ ಯೋಚಿಸಿ ಕೊಡಬೇಕಾದಂಥವೂ ಇವೆ. ಯಾರಿಗೆ ಯಾವುದು ಅಂತ ಡಾಕ್ಟರೇ ಹೇಳಬೇಕು. ತಡ್ಕೊಂಡು ಬೆಳೆದ ನನಗೆ ‘ಅಂತರ ಹಿಗ್ಗಿಸು’ ಅಂದಾಗ ಮೊದಲು ಸಿಟ್ಟೇ ಬಂತು. ಆಮೇಲೆ ವ್ಯತ್ಯಾಸ ಅರ್ಥ ಆಯ್ತು. ಅಲ್ಲಿ ಯಾರೋ ನೋಡ್ತಾರೆ ಅಂತ ತಡ್ಕೊಳ್ತಿದ್ದೆ. ಇಲ್ಲಿ ಬಾಗಿಲು ಪಕ್ಕದಲ್ಲೇ ಇದೆ, ಲೆಕ್ಕ ನನ್ನದು.

ಎಲ್ಲಕ್ಕೂ ಮುಂಚೆ ಒಂದು ಡೈರಿ ಬರೀಬೇಕು. ಮೂರು ದಿನ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಸಲ, ಏನು ಕುಡಿದಿರಿ. ನಾನು ಎಕ್ಸೆಲ್ ಶೀಟು ಮಾಡಿದೆ, ಎಂಜಿನಿಯರ್ ಅಲ್ವಾ. ಅವ್ವನಿಗೆ ಬರೆಯೋಕೆ ಬರಲ್ಲ. ಅವಳನ್ನ ತೋರಿಸೋಕೆ ಹಾಸನಕ್ಕೆ ಕರೆದುಕೊಂಡು ಹೋಗೋ ಮುಂಚೆ ಫೋನಿನಲ್ಲಿ ವಿಷಯ ವಿವರಿಸಿದ್ದೆ. ಅವಳು ಡಾಕ್ಟರ ಮೇಜಿನ ಮೇಲೆ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹುಣಸೆಬೀಜ. ಹೋದಾಗೆಲ್ಲ ಒಂದೊಂದು ಬೀಜ ಲೋಟಕ್ಕೆ ಹಾಕಿಟ್ಟಿದ್ದಳು. ಹಗಲಿನವನ್ನೂ ರಾತ್ರಿಯವನ್ನೂ ಎರಡು ಚೀಟಿ ಬಟ್ಟೆಯಲ್ಲಿ ಬೇರೆ ಬೇರೆ ಕಟ್ಟಿದ್ದಳು. ಒಂದು ದಿನದ್ದು ಎಣಿಸಿದರೆ ಹದಿನಾಲ್ಕು. ರಾತ್ರಿಯ ಗಂಟಿನಲ್ಲೇ ಐದು. ಡಾಕ್ಟರು ನಗಲಿಲ್ಲ. ಎಣಿಸಿ ಬರ್ಕೊಂಡರು.

ಅವ್ವನಿಗೆ ಪೂರ್ತಿ ವಾಸಿಯಾಗಿಲ್ಲ, ನನಗೂ ಆಗಿಲ್ಲ. ಅವಳ ರಾತ್ರಿಯ ಬೀಜ ಎರಡಕ್ಕೆ ಇಳಿದಿದೆ. ಬಚ್ಚಲಿನ ಸದ್ದಿನ ವಿಷಯ ಅತ್ತಿಗೆಗೆ ನಾನೇ ಹೇಳಿದೆ. “ಅಯ್ಯೋ, ನಾನೂ ಅತ್ತೆಗೆ ಕೇಳಿಸ್ಬಾರ್ದು ಅಂತ ಅಲ್ಲಿಗೇ ಹೋಗ್ತಿರ್ಲಿಲ್ಲ” ಅಂದರು ಅವರು.

ಹೋದ ತಿಂಗಳು ಅವ್ವ ಎರಡು ವರ್ಷದ ಮೇಲೆ ಮೊದಲ ಸಲ ದೂರದ ಬಸ್ಸು ಹತ್ತಿದಳು, ಚಿಕ್ಕಮ್ಮನ ಮನೆಗೆ. ಸಂಜೆ ಫೋನ್ ಮಾಡಿದಳು. ದಾರಿಯಲ್ಲಿ ಅರ್ಜೆಂಟಾಯ್ತಂತೆ. ಎದ್ದು ಹೋಗಿ ಕಂಡಕ್ಟರಿಗೆ ಹೇಳಿದಳಂತೆ, ಹೋಟ್ಲು ಹತ್ರ ಒಂದ್ ನಿಮಿಷ ನಿಲ್ಸಪ್ಪ ಅಂತ.

“ನಿಲ್ಲಿಸಿದನಾ?” ಅಂದೆ.

“ನಿಲ್ಲಿಸ್ದ ಕಣೆ. ನನ್ ಹಿಂದ್ಲೇ ಇನ್ನೂ ಇಬ್ರು ಹೆಂಗಸ್ರು ಇಳುದ್ರು.”